ಬಿಚ್ಚಲೇಬೇಕಾದ ಘಡಿ

ಗಿರಿಮಲ್ಲಪ್ಪ ಆ ಒಂದು ಮಾತು ಆಡದೆ ಚಹಾ ಕುಡಿದು ಎದ್ದು ಹೋಗಿದ್ದರೆ ಏನೂ ಆಗುತ್ತಿರಲಿಲ್ಲ.

ಬನಹಟ್ಟಿಯ ಚಹಾದಂಗಡಿಯ ಮುಂದೆ ಮಗ್ಗದ ಕೆಲಸಗಾರ ಕಲ್ಮೇಶ ತನ್ನ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಿದ್ದ. ಯಾವನೋ ಒಬ್ಬ ಬಾವಲಿಯಂಥ ಅಂಗಿ ತೊಟ್ಟು ಗುಡ್ಡದ ಬದಿಯಿಂದ ಹಾರಿ, ಹಳ್ಳದ ಮೇಲೆ ತೇಲಿ, ಕೊನೆಗೆ ಪ್ಯಾರಾಶೂಟ್ ಬಿಚ್ಚಿ ಹುಲ್ಲಿನ ಮೇಲೆ ಇಳಿಯುತ್ತಾನೆ. ಸುತ್ತ ನಿಂತವರೆಲ್ಲ ‘ಅಬಾಬಾ’ ಎಂದರು. ಮಗ್ಗದ ಕಾರ್ಖಾನೆಯಲ್ಲಿ ಸೀರೆ ಮಡಚಿ ಘಡಿ ಮಾಡುವ ಗಿರಿಮಲ್ಲಪ್ಪನ ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತು. ಆ ಸಿಟ್ಟು ಬಾಯಲ್ಲೇ ಇತ್ತು.

“ಏನ್ ಮಹಾ ಬಿಡೋ. ಅರಿವಿ ಕಟಗೊಂಡು ಕೆಳಗ ಬೀಳೂದು. ಹತ್ತೊಂಬತ್ತು ವರ್ಷ ಸೀರಿ ಘಡಿ ಮಾಡೇನಿ ನಾ. ಅರಿವಿ ಬಗ್ಗೆ ನನಗ ಯಾರೂ ಹೇಳೂದು ಬ್ಯಾಡ.”

ಹಿಂದೆ ಆ ಕಾರ್ಖಾನೆಯ ಮಾಲೀಕ ಶಶಿಕಾಂತ ನಿಂತಿದ್ದರು. ಜಮಖಂಡಿ-ಮುಧೋಳದ ನಡುವೆ ಒಂದು ಹಳೆಯ ವಿಮಾನ ಪಟ್ಟಿಯಲ್ಲಿ ಪ್ಯಾರಾಶೂಟ್ ಶಿಬಿರ ನಡೆಯುತ್ತಿತ್ತು. ಅದರ ಪೆಂಡಾಲಿಗೆ ಬಟ್ಟೆ ಕೊಟ್ಟದ್ದಕ್ಕೆ ಅವರಿಗೊಂದು ಪಾಸು ಸಿಕ್ಕಿತ್ತು. ಪರಿಣತರೊಬ್ಬರ ಎದೆಗೆ ಕಟ್ಟಿಸಿಕೊಂಡು ಹತ್ತು ಸಾವಿರ ಅಡಿಯಿಂದ ಜಿಗಿಯುವ ಪಾಸು.

“ಹಂಗಾರ ನಾಳೆ ನೀನೇ ಹೋಗಿ ಬಾ. ನನ್ನ ಹೆಂಡತಿ ನನಗ ಬ್ಯಾಡ ಅಂದಾಳ,” ಎಂದು ಪಾಸನ್ನು ಗಿರಿಮಲ್ಲಪ್ಪನ ಕಿಸೆಗೆ ತುರುಕಿ ಹೋದರು.

ಅಲ್ಲೇ ‘ವಲ್ಲೆ’ ಎಂದುಬಿಡಬಹುದಿತ್ತು. ಆದರೆ ಬನಹಟ್ಟಿಯಲ್ಲಿ ಹಾಗೆ ಅಂದು ಬದುಕುವುದು ಕಷ್ಟ. ಹನ್ನೆರಡು ವರ್ಷದ ಹಿಂದೆ ಹುಲೆಪ್ಪ ಎಂಬವನು ಹಲ್ಲು ಕೀಳಿಸಲು ಹೋಗಿ ಡಾಕ್ಟರರ ಕುರ್ಚಿಯಿಂದ ಎದ್ದು ಓಡಿಬಂದಿದ್ದ. ಇವತ್ತಿಗೂ ಅವನು ಕುರ್ಚಿ ಹುಲೆಪ್ಪ. ಅವನ ಮಗಳ ಲಗ್ನಪತ್ರಿಕೆ ಹಂಚಿದಾಗಲೂ ಜನ ‘ಇದು ಕುರ್ಚಿಯವರ ಮನಿದೇನು?’ ಎಂದು ಕೇಳಿದ್ದರು. ಗಿರಿಮಲ್ಲಪ್ಪನಿಗೆ ಇಬ್ಬರು ಹೆಣ್ಣುಮಕ್ಕಳು. ‘ಅಂಜಿದೆ’ ಎಂಬ ಮಾತು ಅವನ ಬಾಯಿಂದ ಬರುವಂತಿರಲಿಲ್ಲ. ಶಿಬಿರದವರೇ ‘ನೀನು ಬೇಡ’ ಎಂದು ಕಳಿಸಬೇಕು. ರಾತ್ರಿಯೆಲ್ಲ ಅವನು ಯೋಚಿಸಿದ್ದು ಅದೊಂದನ್ನೇ.

ಬೆಳಿಗ್ಗೆ ಆರಕ್ಕೆ ಮನೆಯ ಮುಂದೆ ಟೆಂಪೊ ಬಂತು. ಒಳಗೆ ಹದಿನಾಲ್ಕು ಜನ. ಮುಂದಿನ ಸೀಟಿನಲ್ಲಿ ಪಕ್ಕದ ಮನೆಯ ಇಂದ್ರವ್ವ, ಮಡಿಲಲ್ಲಿ ರೊಟ್ಟಿಯ ಗಂಟು.

“ನೀ ಯಾಕ ಬರಾಕತ್ತಿ ಯವ್ವಾ?”

“ನಿನ್ನ ಹೆಂಡತಿ ತೇರದಾಳದಾಗ ಅದಾಳ. ನೀ ಎಲ್ಲೆರ ಬಿದ್ರ ಗುರುತು ಹಿಡಿಯಾಕ ಮನುಷ್ಯಾರು ಬೇಕಲ್ಲ ತಮ್ಮಾ.”

ಟೆಂಪೊ ನಕ್ಕಿತು. ಗಿರಿಮಲ್ಲಪ್ಪನೂ ನಕ್ಕ. ಅವನ ನಗು ಎಣ್ಣೆ ಕಾಣದ ಮಗ್ಗದ ಸದ್ದಿನಂತಿತ್ತು.

ವಿಮಾನ ಪಟ್ಟಿಯ ಎರಡೂ ಬದಿಗೆ ಕಬ್ಬು. ನಡುವೆ ಒಂದು ಸಣ್ಣ ವಿಮಾನ, ಎರಡು ಡೇರೆ, ಕಂಬದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಕೆಂಪು ಚೀಲ. ಶಿಬಿರ ನಡೆಸುತ್ತಿದ್ದವಳು ಮೃಣ್ಮಯಿ. ಜಮಖಂಡಿಯವಳೇ, ಮೂವತ್ತೈದರ ಆಸುಪಾಸು, ಗಿಡ್ಡ ಆಳು, ಶಾಲೆಯ ಟೀಚರಂಥ ದನಿ. ಒಂದು ಸಾವಿರದ ಎಂಟುನೂರು ಸಲ ಹಾರಿದ್ದಾಳೆ ಎಂದು ಡೇರೆಯಲ್ಲಿ ಕೆಲಸ ಮಾಡುವ ಹುಡುಗಿ ಹೇಳಿದಳು.

“ನಿಮ್ಮ ಮನಸ್ಸಿಂದ ಬಂದೀರೋ, ಯಾರರ ದಬ್ಬಿ ಕಳಿಸ್ಯಾರೋ?” ಮೃಣ್ಮಯಿಯ ಮೊದಲ ಪ್ರಶ್ನೆ.

ಗಿರಿಮಲ್ಲಪ್ಪನ ಬೆನ್ನ ಹಿಂದೆ ಹದಿನಾಲ್ಕು ಜೋಡಿ ಕಿವಿ.

“ಮನಸ್ಸಿಂದನ್ರಿ.”

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ತೂಕದ ಯಂತ್ರ ತೋರಿಸಿದಳು. ಪಕ್ಕದ ಹಲಗೆಯ ಮೇಲೆ ದೊಡ್ಡದಾಗಿ ಬರೆದಿತ್ತು: ತೊಂಬತ್ತು ಕಿಲೊ ಮೀರಿದವರಿಗೆ ಜಿಗಿತವಿಲ್ಲ. ಗಿರಿಮಲ್ಲಪ್ಪ ನಿನ್ನೆಯೇ ಇದನ್ನು ವಿಚಾರಿಸಿಕೊಂಡಿದ್ದ. ತಯಾರಾಗಿಯೇ ಬಂದಿದ್ದ. ಮುಳ್ಳು ತೊಂಬತ್ತೊಂದರಲ್ಲಿ ನಿಂತಿತು.

“ಅಯ್ಯ, ಎಂಥಾ ಕೆಲಸ ಆತ್ರಿ,” ಎಂದು ಅವನು ಆಗಲೇ ಯಂತ್ರದಿಂದ ಇಳಿಯತೊಡಗಿದ್ದ.

“ಕಿಸೆ ಖಾಲಿ ಮಾಡಿ ಮತ್ತ ನಿಂದರ್ರಿ. ಮ್ಯಾಲಿಂದ ಒಂದು ಪೆನ್ನು ಬಿದ್ದರೂ ಕೆಳಗಿನವರ ತಲಿ ಒಡೀತದ. ಕಿಸೆದಾಗ ಏನೂ ಇರಬಾರದು. ಇದು ಮೊದಲನೇ ನಿಯಮ.”

ಕಿಸೆಗಳಿಂದ ಹೊರಬಂದವು: ಎರಡು ಲಾಳಿ, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಮಗ್ಗಕ್ಕೆ ಕಟ್ಟುವ ಕಬ್ಬಿಣದ ಭಾರ ಆರು, ಒಂದು ಹಳೆಯ ಬೀಗ. ಮುಳ್ಳು ಎಂಬತ್ತೊಂದಕ್ಕೆ ಇಳಿಯಿತು.

“ಕಾರ್ಖಾನಿನ ಹೊತಗೊಂಡು ಬಂದೀಯಲ್ಲೋ!” ಕಲ್ಮೇಶ ಹೊಟ್ಟೆ ಹಿಡಿದುಕೊಂಡ.

“ಕೆಲಸದ ಮನುಷ್ಯಾ ಅದಾನ್ರಿ,” ಎಂದು ಇಂದ್ರವ್ವ ಸಮರ್ಥಿಸಿದಳು.

ಆಮೇಲೆ ಆರೋಗ್ಯದ ಫಾರ್ಮು. ಗಿರಿಮಲ್ಲಪ್ಪ ಎದೆಗೆ ಕೈಯಿಟ್ಟು, ಆಗಾಗ ಧಡ್ ಧಡ್ ಅಂತದ ಎಂದ. ಶಿಬಿರದ ಡಾಕ್ಟರು ಪರೀಕ್ಷಿಸಿ ಎದೆಯೂ ರಕ್ತದೊತ್ತಡವೂ ಸರಿಯಾಗಿವೆ ಎಂದು ಬರೆದರು. ನೆಗಡಿಯಿದ್ದರೆ ಹಾರಬಾರದು, ಮೇಲೆ ಗಾಳಿಯ ಒತ್ತಡ ಬದಲಾಗಿ ಕಿವಿಯ ತಮಟೆ ಹರಿಯಬಹುದು ಎಂದು ಮೃಣ್ಮಯಿ ಹೇಳಿದ್ದೇ ತಡ, ಇವನು ಎರಡು ಸಲ ಸೀನಿದ. ಕಿವಿಯೂ ಸರಿಯಾಗಿ ಕೇಳಿಸುವುದಿಲ್ಲ ಎಂದ.

“ಯಾರಿಗಿ? ನಿನಗ?” ಇಂದ್ರವ್ವ ಮುಂದೆ ಬಂದಳು. “ಬಾಯಾರ, ನಾವು ನಮ್ಮ ಅಡಗಿಮನ್ಯಾಗ ಬಾಗಲಾ ಹಾಕ್ಕೊಂಡು ಇವನ ಸುದ್ದಿ ಮಾತಾಡಿದ್ರ ಇಂವ ಅವನ ಮನ್ಯಾಗಿಂದ ಉತ್ತರಾ ಕೊಡ್ತಾನ. ಇವನ ಕಿವಿಗಿ ಏನೂ ಆಗಿಲ್ಲ. ನಾಕ್ ರೊಟ್ಟಿ ತಿಂದು ಬಂದಾನ, ಐದನೇದು ಕೈಯಾಗ ಐತಿ ನೋಡ್ರಿ.”

ಕೈಯಲ್ಲಿ ನಿಜವಾಗಿಯೂ ಇತ್ತು.

ಉಳಿದದ್ದು ಒಂದೇ ದಾರಿ, ಪ್ರಶ್ನೆ. ಕೇಳಿ ಕೇಳಿ ತಲೆ ತಿಂದರೆ ಬೇಸತ್ತು ಕಳಿಸಬಹುದು.

“ಅದು ಬಿಚ್ಚಲಿಲ್ಲ ಅಂದ್ರ ಏನ್ರಿ?”

“ಎರಡನೇದ್ದು ಇರ್ತದ. ಎಲ್ಲಾರ ಬೆನ್ನಿನ ಚೀಲದಾಗೂ ಎರಡು. ಮೊದಲನೇದ್ದು ಸಿಕ್ಕಾದ್ರ ಅದನ್ನ ಪೂರಾ ಕಳಚಿ ಒಗದು ಎರಡನೇದ್ದು ಬಿಚ್ಚಬೇಕು. ಕಳಚದೇ ಬಿಚ್ಚಿದ್ರ ಎರಡೂ ಒಂದಕ್ಕೊಂದು ಸುತಗೋತಾವು.”

“ಬಿಚ್ಚೋರಿಗೆ ಎಚ್ಚರ ತಪ್ಪಿದ್ರ?”

“ಒಂದು ಸಣ್ಣ ಯಂತ್ರ ಅದ. ಇಂಥಾ ಎತ್ತರಕ್ಕೆ ಬಂದರೂ ಇನ್ನೂ ಜೋರಾಗಿ ಬೀಳ್ಲಿಕತ್ತಾರ ಅಂತ ಗೊತ್ತಾದ್ರ ತಾನೇ ಎರಡನೇದ್ದು ಬಿಚ್ಚತದ.”

“ಆ ಯಂತ್ರದ ಸೆಲ್ ಮುಗದಿದ್ರ?”

“ದಿನಾ ಮುಂಜಾನೆ ಚಾಲೂ ಮಾಡಿ ನೋಡೇ ಹಾಕ್ಕೋತೇವಿ. ಬರ್ರಿ, ತೋರಸ್ತೇನಿ.”

ಅವಳು ಬೇಸರಪಡಲಿಲ್ಲ. ಅವಳ ಕಣ್ಣು ಅರಳಿತು. ಮೈಗೆ ಕಟ್ಟುವ ಪಟ್ಟಿ ಹರಿದರೆ? ಕೊಕ್ಕೆ ಸಡಿಲಾದರೆ? ಹಗ್ಗ ಕಾಲಿಗೆ ಸುತ್ತಿದರೆ? ಅದಕ್ಕೊಂದು ಕೊಕ್ಕೆ ಚಾಕು ಇತ್ತು. ಮರದ ಮೇಲೆ ಇಳಿದರೆ? ಕರೆಂಟಿನ ತಂತಿಯ ಕಡೆ ಹೋದರೆ? ಗಿರಿಮಲ್ಲಪ್ಪ ಮೂವತ್ತೊಂದು ಪ್ರಶ್ನೆ ಕೇಳಿದ. ಅವಳು ಮೂವತ್ತೊಂದಕ್ಕೂ ಸಾಮಾನು ಕೈಗೆ ಕೊಟ್ಟು ಉತ್ತರ ಹೇಳಿದಳು.

“ಇಷ್ಟು ವರ್ಷದಾಗ ಇಂಥಾ ಮನುಷ್ಯಾನ್ನ ನೋಡಿದ್ದಿಲ್ಲ,” ಎಂದು ಉಳಿದವರಿಗೆ ಹೇಳಿದಳು. “ಎಲ್ಲಾರೂ ಫೋಟೋ ಹ್ಯಾಂಗ ಬರ್ತದ ಅಂತ ಕೇಳ್ತಾರ. ಇವರು ಒಬ್ಬರೇ ಕೇಳಬೇಕಾದ್ದು ಕೇಳಿದ್ರು.”

ಚಪ್ಪಾಳೆ ಬಿತ್ತು. ಗಿರಿಮಲ್ಲಪ್ಪನಿಗೆ ಅಳು ಬಂದಂತಾಯಿತು.

ಕಲ್ಮೇಶನಿಗೆ ಬೇರೆಯದೇ ಆಸೆ. “ಮ್ಯಾಡಮ್, ಆ ಬಾವಲಿ ಅಂಗಿ ಐತೇನ್ರಿ? ನನಗೊಂದು ಕೊಡ್ರಿ, ಹಂಗೇ ಬನಹಟ್ಟಿಗಿ ಹಾರಿ ಹೊಕ್ಕೇನಿ.”

“ವಿಂಗ್‌ಸೂಟ್ ಅದ. ಮೊದಲ ಇನ್ನೂರು ಸಲ ಬರೇ ಪ್ಯಾರಾಶೂಟ್ ಹಾರಿ ಬರ್ರಿ, ಆಮ್ಯಾಲೆ ಕೊಡ್ತೇನಿ. ಅದನ್ನ ತೊಟ್ಟಾಗ ಕೈ ಅರಿವಿ ಒಳಗ ಇರ್ತಾವು. ಪ್ಯಾರಾಶೂಟ್ ಬಿಚ್ಚೋ ಹಿಡಿಕಿ ಹುಡುಕ್ಲಿಕ್ಕೆ ಕೈ ಹಿಂದ ಹೋಗಬೇಕು, ಎರಡೂ ಒಮ್ಮೆಗೇ. ಒಂದು ಮುಂದ ಒಂದು ಹಿಂದ ಆತೋ, ಬುಗುರಿ ತಿರಗಿದಂಗ ತಿರಗ್ತೀರಿ.”

ಹತ್ತು ಗಂಟೆಗೆ ಅವಳೇ ವಿಂಗ್‌ಸೂಟ್ ತೊಟ್ಟು ಹಾರಿ ತೋರಿಸಲು ಸಿದ್ಧಳಾದಳು. ಗಿರಿಮಲ್ಲಪ್ಪ ಅಲ್ಲೇ ನಿಂತು ನೋಡಿದ. ಹಾರುವುದು ಎರಡು ನಿಮಿಷ. ತಯಾರಿ ಮುಕ್ಕಾಲು ತಾಸು. ಪ್ರತಿ ಪಟ್ಟಿ, ಪ್ರತಿ ಕೊಕ್ಕೆ, ಪ್ರತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಹಿಡಿಕೆ ಮುಟ್ಟಿ ನೋಡಿದಳು, ಕಣ್ಣು ಮುಚ್ಚಿ ಮತ್ತೆ ಮುಟ್ಟಿದಳು. ಕೊನೆಗೆ ಡೇರೆಯ ಹುಡುಗಿಯ ಕಡೆ ಬೆನ್ನು ತಿರುಗಿಸಿ, “ನನ್ನ ಹಿಂದಿಂದು ನನಗ ಕಾಣೂದಿಲ್ಲ. ನೀ ನೋಡಿ ಹೇಳು,” ಎಂದಳು. ಸಾವಿರದ ಎಂಟುನೂರು ಸಲ ಹಾರಿದವಳು ಇಪ್ಪತ್ತರ ಹುಡುಗಿಯ ಮುಂದೆ ಪರೀಕ್ಷೆಗೆ ನಿಂತಂತೆ ನಿಂತಿದ್ದಳು. ಬನಹಟ್ಟಿಯಲ್ಲಿ ಎರಡು ವರ್ಷ ಮಗ್ಗ ನಡೆಸಿದವನೂ ತನ್ನ ಬಟ್ಟೆಯನ್ನು ಇನ್ನೊಬ್ಬನಿಗೆ ತೋರಿಸಲು ಒಪ್ಪುವುದಿಲ್ಲ. ಗಿರಿಮಲ್ಲಪ್ಪನಿಗೆ ಅವಳ ಮೇಲೆ ಗೌರವ ಹುಟ್ಟಿದ್ದು ಅವಳು ನೆಲದ ಮೇಲಿದ್ದಾಗಲೇ.

ವಿಮಾನ ಮೇಲೇರಿ ನೊಣವಾಯಿತು. ನೊಣದಿಂದ ಒಂದು ಚುಕ್ಕಿ ಬಿತ್ತು. ಬೀಳುತ್ತಿದ್ದದ್ದು ರೆಕ್ಕೆ ಬಿಚ್ಚಿ ಅಡ್ಡಕ್ಕೆ ಹರಿಯಿತು. ಕಬ್ಬಿನ ಹೊಲಗಳ ಮೇಲೆ, ಸಕ್ಕರೆ ಕಾರ್ಖಾನೆಯ ಹೊಗೆಯ ಆಚೆ ಹೋಗಿ ತಿರುಗಿ ಬಂತು. ರೊಟ್ಟಿ ಮುರಿಯುತ್ತಿದ್ದ ಇಂದ್ರವ್ವನ ಕೈ ಹಾಗೇ ನಿಂತಿತು. “ಹದ್ದು ನೋಡಿ ನಾಚಬೇಕು,” ಎಂದಳು. ಸಾಕಷ್ಟು ಎತ್ತರದಲ್ಲಿಯೇ ನೀಲಿ ಪ್ಯಾರಾಶೂಟ್ ಬಿಚ್ಚಿಕೊಂಡಿತು. ಮೃಣ್ಮಯಿ ಮೆಟ್ಟಿಲು ಇಳಿದಂತೆ ಇಳಿದಳು. ಚಪ್ಪಾಳೆಗೆ ತಿರುಗಿಯೂ ನೋಡದೆ, ನೆಲಕ್ಕೆ ತಾಗಿದ ಬಟ್ಟೆಯನ್ನು ಮೊದಲು ಎರಡೂ ಕೈಯಿಂದ ಬಾಚಿ ಎತ್ತಿಕೊಂಡಳು. ಮುಳ್ಳು ತಾಗಬಾರದು, ಮಣ್ಣು ಹತ್ತಬಾರದು, ಬಿಸಿಲಿಗೆ ಬಿದ್ದಿರಬಾರದು.

ಹನ್ನೊಂದಕ್ಕೆ ಗಾಳಿ ಎದ್ದಿತು. ಕಂಬದ ಕೆಂಪು ಚೀಲ ನೆಟ್ಟಗೆ ನಿಂತಿತು. ಮೃಣ್ಮಯಿ ಜಿಗಿತವನ್ನೆಲ್ಲ ನಿಲ್ಲಿಸಿದಳು. ಶಶಿಕಾಂತ ಫೋನು ಮಾಡಿ, ತಾವು ಕಳಿಸಿದ ಫೋಟೋಗ್ರಾಫರ್ ಕಾಯುತ್ತಿದ್ದಾನೆ, ಒಬ್ಬನನ್ನಾದರೂ ಬೇಗ ಬಿಡಿ ಎಂದರು.

“ಗಾಳಿಗೆ ನಿಮ್ಮ ಫೋಟೋಗ್ರಾಫರ್ ಗೊತ್ತಿಲ್ರಿ,” ಎಂದು ಫೋನು ಇಟ್ಟಳು.

ಗಿರಿಮಲ್ಲಪ್ಪನಿಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಆದರೆ ಸಂಜೆ ಗಾಳಿ ಇಳಿಯುತ್ತದೆ, ಆಗ ನೋಡೋಣ ಎಂದು ಅವಳೇ ಹೇಳಿದಳು. ಸಂತೋಷ ಸಂಜೆಯವರೆಗೆ ಮಾತ್ರ.

ಆಗ ಅವನ ಕಣ್ಣಿಗೆ ಬಿದ್ದದ್ದು ದೊಡ್ಡ ಡೇರೆ. ಒಳಗೆ ಚಾಪೆಯ ಮೇಲೆ ಐದು ಪ್ಯಾರಾಶೂಟ್ ಬಿಚ್ಚಿ ಬಿದ್ದಿದ್ದವು. ಘಡಿ ಮಾಡುವವನಿಗೆ ಜ್ವರ ಬಂದು ಊರಿಗೆ ಹೋಗಿದ್ದ. ಡೇರೆಯ ಹುಡುಗಿ ಒಬ್ಬಳೇ ಒದ್ದಾಡುತ್ತಿದ್ದಳು. ಅಷ್ಟು ಬಟ್ಟೆ ಹಾಗೆ ಚೆಲ್ಲಿ ಬಿದ್ದದ್ದು ನೋಡಿ ಗಿರಿಮಲ್ಲಪ್ಪನ ಕೈ ತುರಿಸಿತು. ಕೈಯ ಹಿಂದೆಯೇ ತಲೆ ಓಡಿತು. ಹಾರಲು ಬಂದವನಿಗೆ ಹಾರುವುದು ತಪ್ಪುವುದಿಲ್ಲ. ಕೆಲಸಕ್ಕೆ ನಿಂತವನ ಜಾಗ ನೆಲ. ಹತ್ತೊಂಬತ್ತು ವರ್ಷದಲ್ಲಿ ಎಷ್ಟೋ ಸಾವಿರ ಸೀರೆ ಘಡಿ ಮಾಡಿದ್ದಾನೆ, ಒಂದನ್ನಾದರೂ ಉಟ್ಟುಕೋ ಎಂದು ಅವನಿಗೆ ಯಾರೂ ಹೇಳಿಲ್ಲ.

“ಮ್ಯಾಡಮ್, ನಾ ಘಡಿ ಮಾಡ್ಲೇನ್ರಿ?”

“ಎರಡನೇದ್ದು ಮುಟ್ಟಬ್ಯಾಡ್ರಿ. ಅದನ್ನ ಲೈಸನ್ಸ್ ಇದ್ದವರು ಮಾತ್ರ ಮುಟ್ಟಬೇಕು. ಮೊದಲನೇದ್ದು ಬೇಕಾದ್ರ ನನ್ನ ಕಣ್ಮುಂದ ಮಾಡ್ರಿ.”

ಹತ್ತು ನಿಮಿಷ. ಅಂಚಿಗೆ ಅಂಚು, ಮೂಲೆಗೆ ಮೂಲೆ. ಅಂಗೈಯಿಂದ ತೀಡಿ, ಮೊಣಕಾಲಿನಿಂದ ಒತ್ತಿ, ಚೆಂದದ ಬದಿ ಮೇಲೆ ಬರುವಂತೆ ಮಡಚಿ ಇಟ್ಟ. ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡುವಂಥ ಕಟ್ಟು. ಬನಹಟ್ಟಿಯವರೆಲ್ಲ ಡೇರೆಯ ಬಾಗಿಲಲ್ಲಿ ಎದೆ ಉಬ್ಬಿಸಿ ನಿಂತರು.

ಮೃಣ್ಮಯಿ ಅದರ ಹಗ್ಗ ಹಿಡಿದು ಜಗ್ಗಿದಳು. ಕಟ್ಟು ಕಟ್ಟಾಗಿಯೇ ಅವಳ ಹಿಂದೆ ಜಾರುತ್ತ ಬಂತು. ಇನ್ನೂ ಜೋರಾಗಿ ಜಗ್ಗಿದಳು. ಇಟ್ಟಿಗೆಯಂತೆ ಧಪ್ಪೆಂದು ಹೊರಳಿತು, ಒಂದು ಮಡಿಕೆಯೂ ಬಿಡಲಿಲ್ಲ.

“ಕೈ ಬಂಗಾರದಂಥಾ ಕೈ,” ಎಂದಳು, ಖರೆಯಾಗಿಯೇ. “ಆದ್ರ ಮನುಷ್ಯಾ ಸತ್ತಾ. ನಿಮ್ಮ ಸೀರಿ ಘಡಿ ಬಿಚ್ಚಬಾರದು ಅಂತ ಮಾಡೂದು. ಲಾರಿಯೊಳಗ ಹೊಯ್ದಾಡಿ ಸೊಲ್ಲಾಪುರಕ್ಕೆ ಹೋದರೂ ಹಂಗೇ ಇರಬೇಕು. ಇದು ಬಿಚ್ಚಲೇಬೇಕು ಅಂತ ಮಾಡೋ ಘಡಿ. ಒಂದೇ ಜಗ್ಗಿಗೆ, ಒಂದಾದ ಮ್ಯಾಲೊಂದು, ತಾನಾಗೇ.”

ಗಿರಿಮಲ್ಲಪ್ಪ ಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಈ ಕಡೆಯಿಂದ ಅವನು ಬಟ್ಟೆಯನ್ನು ನೋಡಿರಲಿಲ್ಲ. ಅಂಜಿಕೆ ಒಂದು ಕ್ಷಣ ಮರೆತೇಹೋಯಿತು.

“ಮತ್ತೊಮ್ಮೆ ತೋರಸ್ರಿ,” ಎಂದ.

ಅವಳು ತೋರಿಸಿದಳು. ಎಡದ ಹಗ್ಗ ಎಡಕ್ಕೆ, ಬಲದ್ದು ಬಲಕ್ಕೆ, ಒಂದೂ ಇನ್ನೊಂದನ್ನು ದಾಟಬಾರದು. ಬಟ್ಟೆಯ ಪ್ರತಿ ಪದರ ಗಾಳಿಯ ಕಡೆ ಬಾಯಿ ತೆರೆದಿರಬೇಕು. ಹಗ್ಗವನ್ನು ಹಾವಿನಂತೆ ಸುತ್ತಿ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಬೇಕು. ಬ್ಯಾಂಡು ಸಡಿಲಾದರೆ ಹಗ್ಗ ಮೊದಲೇ ಸುರಿಯುತ್ತದೆ, ಬಿಗಿಯಾದರೆ ಹೊರಗೇ ಬರುವುದಿಲ್ಲ. ಎರಡನೇ ಸಲಕ್ಕೆ ಅವನ ಬೆರಳು ಅರ್ಥಮಾಡಿಕೊಂಡವು. ಅವಳು ಜಗ್ಗಿದಳು. ಬಟ್ಟೆ ಉಸಿರು ಬಿಟ್ಟಂತೆ ಹರಡಿತು.

“ವಾಹ್!”

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಊಟದ ಹೊತ್ತು ಮೀರಿತು. ಇಂದ್ರವ್ವ ರೊಟ್ಟಿ ಹಿಡಿದು ಮೂರು ಸಲ ಬಂದು ಹೋದಳು. ಮೃಣ್ಮಯಿ ಪ್ರತಿ ಮಡಿಕೆಯನ್ನೂ ನೋಡಿ ಹೂಂ ಎಂದ ಮೇಲೆಯೇ ಮುಂದಿನದು. ನಾಲ್ಕು ಗಂಟೆಗೆ ಐದೂ ಚೀಲ ಸಾಲಾಗಿ ಕುಳಿತವು. ಪ್ರತಿ ಚೀಲಕ್ಕೆ ಒಂದು ಕಾರ್ಡು, ಕಾರ್ಡಿನಲ್ಲಿ ಘಡಿ ಮಾಡಿದವರ ಸಹಿ. ಗಿರಿಮಲ್ಲಪ್ಪ ಐದರಲ್ಲೂ ಸಹಿ ಮಾಡಿ, ಮುಂದೆ ‘ಬನಹಟ್ಟಿ’ ಎಂದೂ ಬರೆದ. ಸೀರೆಯ ಮೇಲೆ ಮಾಲೀಕರ ಹೆಸರು ಇರುತ್ತದೆ, ಘಡಿ ಮಾಡಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಐದನೆಯ ಸಹಿ ಮಾಡುವಾಗ ಅವನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ಅದೇ ಬಿಸಿಯಲ್ಲಿ ಅವನು ತನ್ನ ಮುಖ್ಯ ಮಾತನ್ನು ಆಡಿದ.

“ಮ್ಯಾಡಮ್, ನನಗ ಈ ಕೆಲಸನ ಛಲೋ ಅನಸ್ತೈತ್ರಿ. ಹಾರವರ ಪಟ್ಟಿಯಾಗಿಂದ ನನ್ನ ಹೆಸರ ತಗದು ಕೆಲಸದವರ ಪಟ್ಟಿಗಿ ಹಾಕ್ರಿ. ನನ್ನ ಪಾಸು ಕಲ್ಮೇಶಗ ಕೊಡ್ರಿ. ಪಾಪ, ಮುಂಜಾನಿಂದ ಆಸೆ ಮಾಡ್ಯಾನ.”

“ಖರೆ ಹೇಳ್ತೀರೇನು?”

“ಖರೆ ರೀ.”

ಅವಳು ಹೆಸರು ಹೊಡೆದು ಹಾಕಿದಳು, ಇನ್ನೊಂದು ಪಟ್ಟಿಯಲ್ಲಿ ಬರೆದಳು. ಗಿರಿಮಲ್ಲಪ್ಪನ ಎದೆಯಿಂದ ಆರು ಕಬ್ಬಿಣದ ಭಾರ ಇಳಿದವು. ಕಲ್ಮೇಶನ ಮುಖ ಹಸಿ ನೂಲಿನಂತೆ ಬೆಳ್ಳಗಾಯಿತು.

“ಯಾಕಲೇ, ಬನಹಟ್ಟಿಗಿ ಹಾರಿ ಹೊಕ್ಕಿದ್ದೆಲ್ಲ?” ಗಿರಿಮಲ್ಲಪ್ಪ ಅವನ ಬೆನ್ನು ತಟ್ಟಿದ.

ಐದೂವರೆಗೆ ಗಾಳಿ ಮಲಗಿತು. ಮೃಣ್ಮಯಿ ಕಲ್ಮೇಶನನ್ನು ಕರೆದು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಿಮ್ಮ ಎತ್ತರಕ್ಕೂ ನನ್ನ ಎತ್ತರಕ್ಕೂ ಹೊಂದೂದಿಲ್ರಿ. ಸುರಕ್ಷತಾ ದೃಷ್ಟಿಯಿಂದ ಇವತ್ತು ನೀವು ಬ್ಯಾಡ,” ಎಂದಳು.

“ಛೇ, ಎಂಥಾ ಕೆಲಸ ಆತು! ನಾ ಅಂತೂ ತಯಾರ ಇದ್ದೆ,” ಎಂದು ಕಲ್ಮೇಶ ಕುಣಿಯುತ್ತ ಟೆಂಪೊದ ಕಡೆ ಹೋದ. ಅವನ ಮರ್ಯಾದೆಗೆ ಒಂದು ಗೀರೂ ಬೀಳಲಿಲ್ಲ.

ಅವಳು ಮೈಗೆ ಕಟ್ಟುವ ಪಟ್ಟಿಗಳ ಗೊಂಚಲು ಹಿಡಿದು ಗಿರಿಮಲ್ಲಪ್ಪನ ಮುಂದೆ ಬಂದು ನಿಂತಳು.

“ಕಾಲು ಹಾಕ್ರಿ.”

“ಯಾರ್ರಿ, ನಾನಾ? ನನ್ನ ಹೆಸರ ಹೊಡದೀರಲ್ರಿ!”

“ಹಾರವರ ಪಟ್ಟಿಯಾಗಿಂದ ಹೊಡದೇನಿ. ನಮ್ಮ ಶಿಬಿರದ ನಿಯಮ ಅದ. ಹೊಸದಾಗಿ ಘಡಿ ಮಾಡಿದವರು ತಾವು ಮಾಡಿದ್ದರ ಕೆಳಗ ತಾವೇ ಮೊದಲ ಹಾರಬೇಕು. ಹಂಗಂದ್ರ ಯಾರೂ ಅಡ್ಡಾದಿಡ್ಡಿ ಘಡಿ ಮಾಡೂದಿಲ್ಲ.”

“ಕಲ್ಮೇಶನ್ನ ಬಿಟ್ರಲ್ರಿ!”

ಅವಳು ದನಿ ಇಳಿಸಿದಳು. “ಅವರು ಅಂಜಿದ್ರು. ಅಂಜಿದವರ ಮಾರಿ ನನಗ ತಿಳೀತದ. ನಾಕ್ ಮಂದಿ ಮುಂದ ಅವರಿಗೆ ಅಪಮಾನ ಆಗಬಾರದು ಅಂತ ಎತ್ತರ, ತೂಕ, ಗಾಳಿ, ಏನರ ಒಂದು ಕಾರಣಾ ನಾನೇ ಹೇಳಿ ಕಳಸ್ತೇನಿ. ನಿಮಗೂ ಮಧ್ಯಾಹ್ನ ಹಂಗೇ ಹೇಳಾಕಿ ಇದ್ದೆ. ಅಷ್ಟರಾಗ ನೀವು ಘಡಿ ಮಾಡ್ಲಿಕ್ಕೆ ಕೂತ್ರಿ. ಆಹಾ, ಇವರು ಅಂಜಿಲ್ಲ, ನನ್ನ ತಿಳುವಳಿಕಿ ತಪ್ಪಾಗಿತ್ತು ಅನಿಸ್ತು.”

ಗಿರಿಮಲ್ಲಪ್ಪ ಟೆಂಪೊದ ಕಡೆ ಒಂದು ಹೆಜ್ಜೆ ಇಟ್ಟ.

“ನಿಮ್ಮ ಘಡಿ ಮ್ಯಾಲೆ ನಿಮಗ ನಂಬಿಕಿ ಇಲ್ಲಂದ್ರ ಈಗ ಹೇಳ್ರಿ. ಐದೂ ಬಿಚ್ಚಿ ಹಾಕಿಸ್ತೇನಿ,” ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು.

ಟೆಂಪೊದವರೆಲ್ಲ ತಿರುಗಿ ನೋಡಿದರು. ಅಂಜಿದ ಎನಿಸಿಕೊಂಡು ಬನಹಟ್ಟಿಯಲ್ಲಿ ಹೇಗೋ ಬದುಕಬಹುದು. ಘಡಿ ಸರಿಯಿಲ್ಲ ಎನಿಸಿಕೊಂಡು ಸಾಧ್ಯವಿಲ್ಲ.

“ನನ್ನ ಘಡಿ ಬಗ್ಗೆ ಮಾತಾಡಬ್ಯಾಡ್ರಿ,” ಎಂದು ಅವನು ಕಾಲು ಹಾಕಿದ.

ವಿಮಾನದ ಬಾಗಿಲಲ್ಲಿ ಅವನು ಎಷ್ಟು ದೇವರ ಹೆಸರು ಹೇಳಿದ ಎಂಬುದು ಅವನನ್ನು ಎದೆಗೆ ಕಟ್ಟಿಕೊಂಡಿದ್ದ ಮೃಣ್ಮಯಿಗೆ ಮಾತ್ರ ಗೊತ್ತು. ಆಮೇಲೆ ನೆಲ ಇಲ್ಲ, ಉಸಿರಿಲ್ಲ, ಕಿವಿಯ ತುಂಬ ಗಾಳಿ. ಆಮೇಲೆ ಮೇಲಿನಿಂದ ಯಾರೋ ಮೆತ್ತಗೆ ಎತ್ತಿಕೊಂಡಂತಾಯಿತು. ಅವನು ತಲೆಯೆತ್ತಿ ನೋಡಿದ. ಬಟ್ಟೆ ಒಂದಾದ ಮೇಲೊಂದು ಪದರ ಬಿಚ್ಚಿ ತುಂಬಿಕೊಳ್ಳುತ್ತಿತ್ತು. ಒಂದು ಹಗ್ಗವೂ ಇನ್ನೊಂದನ್ನು ದಾಟಿರಲಿಲ್ಲ. ದೂರದಲ್ಲಿ ಕೃಷ್ಣೆ ಇತ್ತು, ಚಿಕ್ಕಪಡಸಲಗಿಯ ಬ್ಯಾರೇಜು ಇತ್ತು, ಸಂಜೆಯ ಬಿಸಿಲಿನಲ್ಲಿ ಹೊಲಗಳು ಹಾಸಿದ್ದವು. ಅದೊಂದನ್ನೂ ಅವನು ನೋಡಲಿಲ್ಲ. ಇಳಿಯುವವರೆಗೂ ತನ್ನ ಘಡಿಯನ್ನೇ ನೋಡುತ್ತಿದ್ದ.

“ಕಾಲು ಎತ್ರಿ!” ಎಂದಳು ಮೃಣ್ಮಯಿ. ಎತ್ತಿದ. ಇಬ್ಬರೂ ಹುಲ್ಲಿನ ಮೇಲೆ ಜಾರಿ ಕುಳಿತರು. ಇಂದ್ರವ್ವ ಓಡಿಬಂದು ಕೈ, ಕಾಲು, ಮೂಗು ಮುಟ್ಟಿ ನೋಡಿ, “ಎಲ್ಲಾ ಅದಾವು,” ಎಂದು ಜನರಿಗೆ ಸಾರಿದಳು.

“ಇಷ್ಟು ಮೆತ್ತಗ ಬಿಚ್ಚಿದ್ದು ನಾ ಈ ವರ್ಷ ನೋಡಿಲ್ಲ,” ಎಂದಳು ಮೃಣ್ಮಯಿ.

“ಆತಲ್ರಿ? ಮುಗೀತಲ್ರಿ?” ಗಿರಿಮಲ್ಲಪ್ಪ ಹುಲ್ಲನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೇಳಿದ.

“ಒಂದು ಮುಗೀತು.” ಅವಳು ಡೇರೆಯಿಂದ ಕಾರ್ಡುಗಳನ್ನು ತಂದು ಅವನ ಮುಂದೆ ಹಿಡಿದಳು. “ಇನ್ನೂ ನಾಕ್ ಅದಾವಲ್ರಿ. ನಾಳೆ ಮುಂಜಾನೆ ಆರೂವರೆಗೆ ಗಾಳಿ ಛಲೋ ಇರ್ತದ. ಒಂದಾದ ಮ್ಯಾಲೊಂದು ಮಾಡಿಬಿಡೂಣು.”

ಗಿರಿಮಲ್ಲಪ್ಪ ಡೇರೆಯ ಕಡೆ ನೋಡಿದ. ನಾಲ್ಕು ಚೀಲ ಸಾಲಾಗಿ ಕುಳಿತಿದ್ದವು. ಅವನು ಎದ್ದ, ಯಾರಿಗೂ ಕಾಣದಂತೆ ಒಳಗೆ ಹೋದ, ಮೊದಲ ಚೀಲದ ಹಿಡಿಕೆಗೆ ಕೈ ಹಾಕಿದ.

“ಬಿಚ್ಚಬ್ಯಾಡ್ರಿ,” ಮೃಣ್ಮಯಿ ಹೊರಗಿನಿಂದಲೇ ಕೂಗಿದಳು, “ಬಿಚ್ಚಿದ್ರ ಮತ್ತ ಘಡಿ ನೀವೇ ಮಾಡಬೇಕಾಗ್ತದ!”